ಅಟ್ಟದ ಮೇಲೆ ಮಾಗಲಿಟ್ಟ ಮಾತ್ರೆ

ನಮ್ಮ ಮನೆಗೆ ಇಂಗ್ಲಿಷಿನಲ್ಲಿ ಏನೇ ಬಂದರೂ ಅದು ಮೊದಲು ನನ್ನ ಕೈಗೆ ಬರುತ್ತದೆ. ಪಂಪ್‌ಸೆಟ್ಟಿನ ಗ್ಯಾರಂಟಿ ಕಾರ್ಡು, ವಿಮೆಯ ಕಾಗದ, ಗೊಬ್ಬರದ ಚೀಲದ ಮೇಲಿನ ಬರಹ, ಯಾರದೋ ಮದುವೆಯ ಇನ್ವಿಟೇಶನ್ನು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಹತ್ತೊಂಬತ್ತನೆಯ ವಯಸ್ಸಿಗೆ ತಿಪಟೂರಿನ ಹತ್ತಿರದ ಬಿಳಿಗೆರೆಯ ಈ ತೋಟದ ಮನೆಗೆ ಸೊಸೆಯಾಗಿ ಬಂದವಳು. ಬಂದ ಹೊಸದರಲ್ಲಿ ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಹಸು ತಲೆ ಅಲ್ಲಾಡಿಸಿದರೆ ಓಡುತ್ತಿದ್ದೆ. ನನಗೆ ಚೆನ್ನಾಗಿ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ, ಅದನ್ನೇ ಈ ಮನೆಯಲ್ಲಿ ನನ್ನ ಕೆಲಸ ಮಾಡಿಕೊಂಡೆ. ಐವತ್ತೆಂಟು ವರ್ಷದ ಆ ಸರ್ವಿಸಿನಲ್ಲಿ ಒಂದು ಸಲ ದೊಡ್ಡ ತಪ್ಪು ಮಾಡಿದೆ. ಓದುವುದರಲ್ಲಿ ತಪ್ಪಲಿಲ್ಲ. ಓದಿದ್ದೇ ತಪ್ಪಾಯಿತು.

ಅಕ್ಕ ಎಂದು ನಾನು ಕರೆಯುವುದು ನನ್ನ ಓರಗಿತ್ತಿಯನ್ನು, ನನ್ನ ಗಂಡನ ಅಣ್ಣನ ಹೆಂಡತಿಯನ್ನು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಹಂದನಕೆರೆಯವಳು. ಶಾಲೆಗೆ ಹೋದದ್ದು ಎರಡು ವರ್ಷ. ಅಕ್ಷರಗಳು ಮರೆತುಹೋಗಿವೆ, ಅಂಕಿಗಳು ಉಳಿದುಕೊಂಡಿವೆ. ಬಸ್ಸಿನ ನಂಬರು, ಕ್ಯಾಲೆಂಡರಿನ ತಾರೀಖು, ತೂಕದ ಯಂತ್ರದ ಅಂಕಿ, ಇವುಗಳಿಗೆ ಅವಳು ಯಾರನ್ನೂ ಕೇಳುವುದಿಲ್ಲ. ನಮ್ಮಿಬ್ಬರ ಗಂಡಂದಿರೂ ಹೋಗಿ ವರ್ಷಗಳಾದವು. ಈಗ ಅಕ್ಕನ ಮಗ, ಅವನ ಹೆಂಡತಿ, ನಾವಿಬ್ಬರು ಮುದುಕಿಯರು, ನಾಲ್ಕು ಜನದ ಮನೆ.

ಅಕ್ಕನ ಕೆಲಸ ಒಳ್ಳೆಯ ಕೊಬ್ಬರಿಯನ್ನು ಕೆಟ್ಟದ್ದರಿಂದ ಬೇರೆ ಮಾಡಿ ಆರಿಸುವುದು. ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಒಣಗಿಸುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಹಿಂಗುತ್ತದೆ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಎನ್ನದಿದ್ದರೆ ಇನ್ನೂ ಮಾಗಿಲ್ಲ, ಮತ್ತೆ ಅಟ್ಟಕ್ಕೆ. ಅಕ್ಕ ಈ ಸದ್ದು ಕೇಳುವುದರಲ್ಲಿ ತಪ್ಪಿದ್ದನ್ನು ನಾನು ನೋಡಿಲ್ಲ. ಆದರೆ ಕರಟ ಒಡೆದ ಮೇಲಿನ ಕೆಲಸ ಕಿವಿಯದಲ್ಲ. ಬಿರುಕು, ಕಪ್ಪು ಚುಕ್ಕೆ, ಬೂಷ್ಟು, ಇವೆಲ್ಲ ಕಣ್ಣಿಗೇ ಕಾಣಬೇಕು.

ಹೋದ ವರ್ಷ ಅಟ್ಟ ಇಳಿಸಿದಾಗ, ಅಂದರೆ ಮಾಗಿದ ಕಾಯನ್ನೆಲ್ಲ ಕೆಳಗೆ ತಂದು ಒಡೆದಾಗ, ಅವಳು ಆರಿಸಿದ ಗುಡ್ಡೆಯಲ್ಲಿ ಬೂಷ್ಟು ಹಿಡಿದವು ಹತ್ತಾರು ಸಿಕ್ಕವು. ಮಗ ಎಲ್ಲರೆದುರು ಏನೂ ಅನ್ನಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ, "ಅವ್ವಾ, ನೀನು ಒಳಗ್ ಕುಂತ್ಕೊ, ಧೂಳು ಜಾಸ್ತಿ ಐತೆ. ನಾವು ನೋಡ್ಕೋತೀವಿ ಬುಡು" ಎಂದ. ಅಷ್ಟೇ. ಅಕ್ಕ ಜಗಲಿಗೆ ಹೋಗಿ ಕಂಬಕ್ಕೆ ಒರಗಿ ಕುಳಿತಳು. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಕೈ ಹಾಗೆ ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತಿಪಟೂರಿನ ಕಣ್ಣಿನ ಡಾಕ್ಟರು ನೋಡಿ ಎರಡು ಕಣ್ಣಿಗೂ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ ಎಂದರು. ನಂತರ ರಕ್ತದ ರಿಪೋರ್ಟ್ ನೋಡಿ ಪೆನ್ನು ಕೆಳಗಿಟ್ಟರು. ಸಕ್ಕರೆ ಇಷ್ಟಿದ್ದರೆ ಕೈ ಹಾಕುವುದಿಲ್ಲ, ಇಳಿಸಿಕೊಂಡು ಬನ್ನಿ ಎಂದರು. ವಾಪಸ್ ಬರಲು ಬಸ್ಸಿನಲ್ಲಿ ಕೂತ ಮೇಲೆ ಅಕ್ಕ ಅಂದಳು.

"ಮುಂದ್ಲ ಸಲ ಅಟ್ಟ ಇಳ್ಸೋ ಹೊತ್ಗೆ ನಂಗೆ ಕಣ್ ಬಂದಿರ್ಬೇಕು ಕಣೇ. ಇಲ್ದಿದ್ರೆ ನಾನು ಆ ಮನೇಲಿ ಏನು, ಕಂಬಾನಾ?"

ನನಗೆ ಅರ್ಥವಾಗದೆ ಹೋದದ್ದು ಸಕ್ಕರೆಯ ವಿಷಯ. ಅದಕ್ಕೆ ಹಲವು ತಿಂಗಳ ಹಿಂದೆಯೇ ನಮ್ಮ ಡಾಕ್ಟರಮ್ಮ ಅಕ್ಕನಿಗೆ ಡಯಾಬಿಟೀಸ್ ಎಂದು ಹೇಳಿ ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಳು. ತಿಂಗಳು ತಿಂಗಳು ನಾನೇ ಹೋಗಿ ತರುತ್ತಿದ್ದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ "ಅಕ್ಕಾ, ಮಾತ್ರೆ?" ಎಂದರೆ "ಹೂಂ ಹೂಂ" ಎನ್ನುತ್ತಿದ್ದಳು. ಮತ್ತೆ ಸಕ್ಕರೆ ಇಳಿಯದೆ ಇರುವುದೆಂದರೇನು? ಹೌ ಈಸ್ ಇಟ್ ಪಾಸಿಬಲ್ ಎಂದು ನನ್ನಷ್ಟಕ್ಕೆ ನಾನೇ ಕೇಳಿಕೊಂಡೆ.

ಇಲ್ಲಿ ನಾನು ಮೊದಲ ದಿನಕ್ಕೆ ಹೋಗಬೇಕು. ಮೊದಲ ಸಲ ಮಾತ್ರೆ ತಂದಾಗ ಅಂಗಡಿಯವನು ಪೂರ್ತಿ ಡಬ್ಬವನ್ನೇ ಕೊಟ್ಟಿದ್ದ. ಅದರೊಳಗೆ ಮಡಿಸಿಟ್ಟ ಚೀಟಿಯೊಂದಿತ್ತು. ಬಿಡಿಸಿದರೆ ಒಂದು ಮೊಳ ಉದ್ದ, ಇರುವೆಯ ಸಾಲಿನಂಥ ಅಕ್ಷರ. ಸಂಜೆ ಜಗಲಿಯಲ್ಲಿ ಕೂತು ಅದನ್ನು ಅಕ್ಕನಿಗೆ ಓದಿ ಹೇಳಿದೆ. ಬೇಕಿರಲಿಲ್ಲ. ಆದರೆ ಇಂಗ್ಲಿಷಿನ ಕಾಗದ ಕೈಗೆ ಬಂದರೆ ಪೂರ್ತಿ ಓದದೆ ಮಡಿಸಿಡುವುದು ನನಗಾಗದು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಪಾಠ ಅರ್ಧಕ್ಕೆ ನಿಲ್ಲಿಸಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

"ಸೈಡ್ ಎಫೆಕ್ಟ್ಸ್ ಅಂತ ಕೊಟ್ಟಿದ್ದಾರೆ ಅಕ್ಕ. ಓಕರಿಕೆ, ವಾಂತಿ, ಭೇದಿ, ಹೊಟ್ಟೆನೋವು, ಬಾಯಲ್ಲಿ ಲೋಹದ ರುಚಿ, ತಲೆಸುತ್ತು."

"ಲೋಹ ಅಂದ್ರೆ?"

"ಕಬ್ಬಿಣ ನೆಕ್ಕಿದ ಹಾಗೆ."

"ಮತ್ತೆ?"

ನಾನು ಮತ್ತೂ ಓದಿದೆ. ಅವಳು ಕಾಲು ಚಾಚಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ, ಹರಿಕಥೆ ಕೇಳುವವಳ ಹಾಗೆ ಕೇಳಿದಳು. ಮರುದಿನ ಮಾತ್ರೆ ನುಂಗಿದ ಅರ್ಧ ಗಂಟೆಗೆ ಓಕರಿಕೆ, ವಾಂತಿ. ಅದರ ಮರುದಿನ ಭೇದಿ, ಹೊಟ್ಟೆನೋವು. ನಾಲ್ಕನೆಯ ದಿನ, "ಕಬ್ಣ ನೆಕ್ದಂಗ್ ಆಯ್ತೈತೆ ಕಣೇ, ನೀನು ಹೇಳ್ದಂಗೇ" ಎಂದಳು. ಐದನೆಯ ದಿನ ಹಿತ್ತಲ ಬಾಗಿಲಲ್ಲಿ ತಲೆ ಸುತ್ತಿ ಗೋಡೆ ಹಿಡಿದು ಕೂತಳು. ಓಕರಿಕೆಯಾಗಲಿ ಭೇದಿಯಾಗಲಿ ಈ ಮಾತ್ರೆಯಿಂದ ಬಹಳ ಜನಕ್ಕೆ ಆಗುತ್ತದೆಯಂತೆ, ಅದು ಕಲ್ಪನೆಯಲ್ಲ. ಆದರೆ ನಾನು ಓದಿದ ಆರ್ಡರಿನಲ್ಲೇ, ಒಂದನ್ನೂ ಬಿಡದೆ, ಹಾಜರಿ ಕೂಗಿದ ಹಾಗೆ ಬಂದವಲ್ಲ! ಆಗ ನಾನು ಅದನ್ನು ಗಮನಿಸಲಿಲ್ಲ. ಪಾಪ, ಚೀಟಿಯಲ್ಲಿ ಬರೆದದ್ದು ಎಷ್ಟು ಸರಿ ಎಂದುಕೊಂಡೆ. ಒಂದು ವಾರದ ನಂತರ ಅವಳು ಹೇಳುವುದನ್ನು ನಿಲ್ಲಿಸಿದಳು. ಒಗ್ಗಿಹೋಯಿತು ಎಂದು ನಾವೆಲ್ಲ ತಿಳಿದೆವು.

ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬಂದ ನಾಲ್ಕಾರು ದಿನಕ್ಕೆ, ಅಟ್ಟದ ಕಾಯಿ ನೋಡಲು ಏಣಿ ಹತ್ತಿದ ಸೊಸೆ ಮೇಲಿಂದಲೇ ಕೂಗಿದಳು.

"ಚಿಕ್ಕತ್ತೇ, ಬನ್ನಿ ಇಲ್ಲಿ! ನಮ್ಮತ್ತೆ ಅಟ್ಟದ್ ಮ್ಯಾಲೆ ಮೆಡಿಕಲ್ ಸ್ಟೋರ್ ಇಟ್ಟವ್ರೆ!"

ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಕಾಯಿಗಳ ನಡುವೆ, ಹೊಗೆ ತಾಗುವ ಮೂಲೆಯಲ್ಲಿ ಇಟ್ಟಿದ್ದಳು. ಒಳಗೆ ನಾನು ಅಷ್ಟು ತಿಂಗಳು ತಂದುಕೊಟ್ಟ ಮಾತ್ರೆಯ ಸ್ಟ್ರಿಪ್ಪುಗಳೆಲ್ಲ ಒಂದರ ಮೇಲೊಂದು. ಮೊದಲನೆಯ ವಾರದ್ದು ಬಿಟ್ಟರೆ ಒಂದೂ ಒಡೆದಿರಲಿಲ್ಲ. ನನ್ನ ಕೈಯಿಂದ ಇಸಿದುಕೊಂಡು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡದ್ದನ್ನು, ಕಾಯಿ ಹಾಕಲು ಬರುವ ಆಳಿನ ಕೈಲಿ ಅಟ್ಟಕ್ಕೆ ಕಳಿಸುತ್ತಿದ್ದಳಂತೆ.

ಅಕ್ಕ ಜಗಲಿಯಿಂದ ಎದ್ದು ಬಂದಳು. ತಪ್ಪು ಸಿಕ್ಕಿಬಿದ್ದವಳ ಮುಖವಲ್ಲ ಅದು.

"ಇಡೇ ಅದ್ನ ಅಲ್ಲೇ. ಇನ್ನೂ ಮಾಗಿಲ್ಲ."

"ಏನು ಮಾಗಿಲ್ಲ?"

"ಮಾತ್ರೆ."

ನಾನು ಮತ್ತು ಸೊಸೆ ಮುಖ ಮುಖ ನೋಡಿಕೊಂಡೆವು.

"ನಗ್ಬ್ಯಾಡಿ" ಎಂದಳು ಅಕ್ಕ. "ಬಾಣಂತಿಗೆ ಹೊಸ ರಾಗಿ ಹಾಕ್ತೀರೇನೇ? ಹೊಸ ಅಕ್ಕಿ ಹೊಟ್ಟೆಗಾಗುತ್ತಾ? ಹೊಸ ಹುಣ್ಸೆಹಣ್ಣು ತಿಂದ್ರೆ ಬಾಯೆಲ್ಲ ಹುಣ್ಣಾಗಲ್ವಾ? ಇವತ್ತು ಕಿತ್ತಿದ್ ಕಾಯಿ ಇವತ್ತೇ ಕೊಬ್ರಿ ಆಗು ಅಂದ್ರೆ ಆಗುತ್ತಾ? ಆ ಮಾತ್ರೆ ಹಸಿ ಐತೆ ಕಣೇ. ಅಂಗಡಿಯಿಂದ ಬಂದ ಬಂದಂಗೇ ನುಂಗ್ಸಿದ್ರೆ ತಲೆ ಸುತ್ತದೆ ಇನ್ನೇನ್ ಮಾಡೀತು? ಅದಕ್ಕೇ ಒಂದೊರ್ಷ ಇರ್ಲಿ ಅಂತ ಇಟ್ಟೆ. ಇನ್ನೆರಡ್ ತಿಂಗ್ಳು."

"ಅಕ್ಕಾ, ಅದು ಕಾಯಲ್ಲ."

"ಕಾಯೋ ಹಣ್ಣೋ. ಮಾಗ್ದೆ ಇರೋದು ಯಾವುದೂ ಒಳ್ಳೇದಲ್ಲ."

ಎಂಬತ್ತು ವರ್ಷ ಅವಳ ಕಣ್ಣೆದುರಿಗೆ ಒಳ್ಳೆಯದಾದದ್ದೆಲ್ಲ ಹಾಗೆಯೇ ಒಳ್ಳೆಯದಾಗಿತ್ತು, ಕಾದು. ಈ ಮನೆಗೆ ನಾನೂ ಒಂದು ಹಸಿ ಕಾಯಿಯ ಹಾಗೆ ಬಂದವಳೇ. ನನ್ನನ್ನು ಮಾಗಲು ಬಿಟ್ಟವಳೂ ಅವಳೇ.

ಅಕ್ಕನಿಗೆ ಗೊತ್ತಾಗದಂತೆ ಡಬ್ಬಿ ತೆಗೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ತುರುವೇಕೆರೆ ಕಡೆಯವಳು, ಅವಳ ಅಜ್ಜನ ಮನೆಯಲ್ಲೂ ಅಟ್ಟವಿದೆ. ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಸ್ಟ್ರಿಪ್ಪುಗಳನ್ನು ತಿರುಗಿಸಿ ನೋಡಿ, ಇವನ್ನು ಬಿಸಾಡಿ, ಬೇಸಿಗೆಯಲ್ಲಿ ಹೆಂಚಿನ ಕೆಳಗೆ ಬೆಂದಿವೆ ಎಂದಳು.

"ಆದ್ರೆ ಆಂಟಿ, ಆ ಚೀಟಿ ಅವರಿಗೆ ಯಾರು ಓದಿದ್ದು?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಹೋಗ್ಲಿ ಬಿಡಿ. ನೀವು ನೋವಾಗುತ್ತೆ ಅಂತ ಹೇಳಿ ಚುಚ್ಚಿದ್ರೆ ಜಾಸ್ತಿ ನೋವಾಗುತ್ತೆ. ಏನೂ ಇಲ್ಲದ ಗುಳಿಗೆ ಕೊಟ್ಟು ಇದು ನೋವಿನ ಮಾತ್ರೆ ಅಂದ್ರೆ ಕೆಲವರಿಗೆ ನೋವು ಕಡಿಮೆ ಆಗುತ್ತೆ. ಅದೇ ಗುಳಿಗೇನ, ತಲೆ ಸುತ್ತಬಹುದು ಅಂತ ಹೇಳಿ ಕೊಟ್ರೆ ಕೆಲವರಿಗೆ ತಲೆ ಸುತ್ತುತ್ತೆ. ಅವರು ನಾಟಕ ಆಡ್ತಿಲ್ಲ. ನಿಜವಾಗ್ಲೂ ಸುತ್ತುತ್ತೆ."

"ಹಾಗಾದರೆ ನಂಬಿಕೆಯಿಂದಲೇ ಸಕ್ಕರೆಯೂ ಇಳಿಯಬಹುದೇ?"

"ಅಷ್ಟು ಸುಲಭ ಆಗಿದ್ರೆ ನಾನ್ ಯಾಕಿಲ್ಲಿ ಕೂತಿರ್ತಿದ್ದೆ? ಮಾತ್ರೆ ಹೊಟ್ಟೆಗೆ ಹೋಗ್ಬೇಕು ಆಂಟಿ. ಹೋಗೋಕೆ ನಂಬಿಕೆ ಬಿಡ್ತಿಲ್ಲ, ಅದು ಕಷ್ಟ."

ಅಕ್ಕನ ಕಿಡ್ನಿಯ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ನಿಧಾನವಾಗಿ ಕರಗುವ ಬೇರೆ ತರಹದ ಮಾತ್ರೆಯನ್ನು ಸಣ್ಣ ಡೋಸಿನಲ್ಲಿ ಬರೆದುಕೊಟ್ಟಳು. ಊಟದ ಮಧ್ಯೆ ಕೊಡಿ, ಸಮಾಧಾನವಾಗಿ ವಿವರಿಸಿ ಹೇಳಿ ಎಂದಳು. ವಿವರಿಸಿ ಹೇಳಿ ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನಾನು ಮಾಡಿದ್ದಕ್ಕೆ ಆ ಹುಡುಗಿ ಜವಾಬ್ದಾರಳಲ್ಲ.

ಮನೆಗೆ ಬಂದು ಹಳೆಯ ಮಾತ್ರೆಗಳನ್ನು ಗುಂಡಿಯಲ್ಲಿ ಹೂತೆ. ಹೊಸ ಸ್ಟ್ರಿಪ್ಪುಗಳನ್ನು ಅದೇ ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. ಸ್ನಾನದ ಒಲೆಯ ಬಾಯಿಂದ ಬೆರಳಲ್ಲಿ ಒಂದಿಷ್ಟು ಮಸಿ ತೆಗೆದು ಡಬ್ಬಿಯ ಮೇಲೂ ಸ್ಟ್ರಿಪ್ಪಿನ ಅಂಚಿಗೂ ಸವರಿದೆ. ಒಂದು ಚಿಟಿಕೆ ನಾರಿನ ಪುಡಿ ಉದುರಿಸಿದೆ. ಬಿಳಿ ಸುಳ್ಳು, ಕಪ್ಪು ಸುಳ್ಳು ಎಂದಿಲ್ಲ, ಸುಳ್ಳಿಗೆ ಬಣ್ಣವೇ ಇಲ್ಲ ಎನ್ನುತ್ತಿದ್ದರು ನಮ್ಮ ಸಿಸ್ಟರ್. ಇದಕ್ಕಂತೂ ಬಣ್ಣವಿತ್ತು, ಬೆರಳು ತೊಳೆದರೂ ಹೋಗಲಿಲ್ಲ.

ಎರಡು ತಿಂಗಳು ಕಾಯಲು ಸಮಯವಿರಲಿಲ್ಲ. ಹದಿನೈದು ದಿನ ಬಿಟ್ಟು, ಡಬ್ಬಿಯನ್ನು ಆಗಷ್ಟೇ ಅಟ್ಟದಿಂದ ಇಳಿಸಿದ ಹಾಗೆ ತಂದಿಟ್ಟು, "ಅಕ್ಕಾ, ಈ ಸಲ ಬಿಸಿಲು ಜೋರು, ಬೇಗ ಮಾಗಿವೆ" ಎಂದೆ. ಅವಳು ಡಬ್ಬಿ ತೆಗೆದು ಮೂಸಿದಳು. ಸ್ಟ್ರಿಪ್ಪೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮಾತ್ರೆಗಳು ತಮ್ಮ ತಮ್ಮ ಗೂಡಿನಲ್ಲಿ ಸಣ್ಣಗೆ ಗಡಗಡ ಎಂದವು.

"ಹೂಂ. ಬುಟ್ಟೈತೆ" ಎಂದಳು, ತಿರುಳು ಕರಟ ಬಿಟ್ಟಾಗ ಹೇಳುವ ಮಾತನ್ನೇ.

ಅಂದಿನಿಂದ ಮಾತ್ರೆ ತೆಗೆಯುವ ಕೆಲಸವೂ, ಮುಗಿದಂತೆಲ್ಲ ಗುಟ್ಟಾಗಿ ಡಬ್ಬಿ ತುಂಬುವ ಕೆಲಸವೂ ನನ್ನದಾಯಿತು. ಅವಳು ಮುದ್ದೆಯ ಮಧ್ಯೆ ನೀರು ಕುಡಿದು ನುಂಗುವುದನ್ನು ಎದುರಿಗೇ ಕೂತು ನೋಡುತ್ತಿದ್ದೆ. ಒಂದು ದಿನ, ಎರಡು ದಿನ, ಒಂದು ವಾರ. ಓಕರಿಕೆಯಿಲ್ಲ, ತಲೆಸುತ್ತಿಲ್ಲ. ಡೋಸು ಸಣ್ಣದೆಂದೋ, ಊಟದ ಜೊತೆ ಎಂದೋ, ಮಸಿಯಿಂದಲೋ, ಯಾವುದರಿಂದ ಎಂದು ನಾನು ಆನೆಸ್ಟ್ಲಿ ಹೇಳಲಾರೆ. "ನೋಡ್ದಾ?" ಎಂದಳು ಅಕ್ಕ, ಗೆದ್ದವಳ ಹಾಗೆ. "ಮಾಗ್ಬೇಕು ಅಂತ ಬಡ್ಕೊಂಡೆ."

ಆ ದಿನಗಳಲ್ಲೇ ಫೋನಿನಲ್ಲಿ ನಾನು ಒಂದು ಉದ್ದನೆಯ ಇಂಗ್ಲಿಷ್ ಲೇಖನ ಓದಿದೆ. ಇದೇ ಹಳೆಯ ಅಗ್ಗದ ಡಯಾಬಿಟೀಸ್ ಮಾತ್ರೆ ಮುಪ್ಪನ್ನು ನಿಧಾನ ಮಾಡಬಹುದೇ ಎಂದು ಹೊರದೇಶದ ವಿಜ್ಞಾನಿಗಳು ನೋಡುತ್ತಿದ್ದಾರಂತೆ. ಹುಳುಗಳ ಮೇಲೆ, ಇಲಿಗಳ ಮೇಲೆ ನೋಡಿದ್ದಾರೆ, ಮನುಷ್ಯರ ವಿಷಯದಲ್ಲಿ ಇನ್ನೂ ಏನೂ ಗಟ್ಟಿಯಾಗಿಲ್ಲ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನೂ ಓದಿದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಮೊದಲನೆಯ ಅರ್ಧ ಮಾತ್ರ.

"ಏನದು ಅಷ್ಟೊತ್ತಿಂದ ಓದ್ತಿದ್ದೀಯ?" ಎಂದಳು ಅಕ್ಕ.

"ನೀನು ನುಂಗೋ ಮಾತ್ರೆ ಆಯಸ್ಸು ಜಾಸ್ತಿ ಮಾಡಬಹುದಂತೆ."

"ಅಯ್ಯೋ, ಮೊದ್ಲೇ ಹೇಳಿದ್ರೆ ನುಂಗ್ತಿರ್ಲಿಲ್ಲ. ಕಣ್ಣು ಬರ್ಲಿ ಅಂತ ನುಂಗಿದ್ದು ನಾನು. ಆಯಸ್ಸು ಯಾರು ಕೇಳಿದ್ರು?"

"ಕೆರೆ ಕಡೆ ಹೊಲದಲ್ಲಿ ಹೋದ ವರ್ಷ ಸಸಿ ನೆಟ್ಟಿದ್ದೀವಲ್ಲ ಅಕ್ಕ, ಅವು ಫಲಕ್ಕೆ ಬರೋದು ನೋಡಬೇಕು ಅನ್ನಿಸುವುದಿಲ್ವಾ?"

ಅವಳು ಬೆರಳು ಮಡಿಸಿದಳು. "ಫಲಕ್ಕೆ ಬರಾಕೆ ಏಳೊರ್ಷ. ಆ ಕಾಯಿ ಬಲಿಯಾಕೆ ಒಂದೊರ್ಷ. ಅಟ್ಟದ್ ಮ್ಯಾಲೆ ಒಂದೊರ್ಷ. ಅಷ್ಟೊತ್ಗೆ ನಮ್ಮನ್ನೇ ಅಟ್ಟ ಹತ್ಸಿರ್ತಾರೆ, ಸುಮ್ಕಿರು."

ನಾನು ನಕ್ಕೆ. ಆದರೆ ನನಗೆ ನೋಡಬೇಕೆನ್ನಿಸುತ್ತಿತ್ತು. ಐವತ್ತೆಂಟು ವರ್ಷದಲ್ಲಿ ಈ ಮನೆಯಲ್ಲಿ ನಾನು ನನ್ನ ಕೈಯಾರೆ ಗುಂಡಿಗೆ ಮಣ್ಣು ಹಾಕಿ ನೆಟ್ಟ ಮೊದಲ ಸಸಿಗಳು ಅವು. ಅಷ್ಟು ವರ್ಷ ತೆಂಗಿನ ತೋಟದಲ್ಲಿದ್ದೂ ನಾನು ಕಿಟಕಿಯಿಂದ ನೋಡುವವಳಾಗಿಯೇ ಇದ್ದೆ. ಅದೆಲ್ಲ ತೀರ ತಡವಾಗಿ ಗೊತ್ತಾಗುತ್ತದೆ. ಮರುದಿನದಿಂದ ಅಕ್ಕನಿಗೆ ಒಂದು ಮಾತ್ರೆ ತೆಗೆದುಕೊಟ್ಟು, ಅಡುಗೆಮನೆಗೆ ಬಂದು ನಾನೂ ಒಂದು ನುಂಗತೊಡಗಿದೆ. ನನಗೆ ಡಯಾಬಿಟೀಸ್ ಇರಲಿಲ್ಲ.

ಹತ್ತೇ ದಿನದಲ್ಲಿ ನನ್ನ ಮೊಣಕಾಲು ಹಗುರಾಯಿತು. ನಿದ್ದೆ ಚೆನ್ನಾಗಿ ಬಂತು. ಬೆಳಿಗ್ಗೆ ಎದ್ದು ಸಸಿಗಳ ಹತ್ತಿರ ಹೋಗಿ ಬರುವುದು ಅಭ್ಯಾಸವಾಯಿತು. ಕನ್ನಡಿಯಲ್ಲಿ ಮುಖ ಕೂಡ ಸ್ವಲ್ಪ ಫ್ರೆಶ್ ಆಗಿ ಕಂಡಿತು. ರಿಡಿಕ್ಯುಲಸ್, ಆದರೆ ಕಂಡದ್ದು ನಿಜ.

ಮಾತ್ರೆ ಲೆಕ್ಕಕ್ಕಿಂತ ಮೊದಲೇ ಮುಗಿದದ್ದರಿಂದ ಡಾಕ್ಟರಮ್ಮನ ಮುಂದೆ ನಿಜ ಹೇಳಬೇಕಾಯಿತು. ಅವಳು ಈ ಸಲ ನಗಲಿಲ್ಲ.

"ಶುಗರ್ ಇಲ್ಲದೆ, ಟೆಸ್ಟ್ ಇಲ್ಲದೆ, ಈ ವಯಸ್ಸಲ್ಲಿ! ಹುಷಾರಾಗಿರೋರು ತಗೊಂಡ್ರೆ ಲಾಭ ಇದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ ಆಂಟಿ. ಇವತ್ತೇ ನಿಲ್ಲಿಸಿ."

"ಆದರೆ ಮೊಣಕಾಲು ನೋವು ಹೋಯಿತಲ್ಲ?"

"ಮೊಣಕಾಲಿಗೂ ಇದಕ್ಕೂ ಸಂಬಂಧ ಇಲ್ಲ. ದಿನಾ ನಡೀತಿದ್ದೀರಲ್ಲ, ಅದಕ್ಕಿರಬಹುದು. ಇಲ್ಲಾ ಅಂದ್ರೆ ನಿಮ್ಮ ಓರಗಿತ್ತಿಗೆ ಆಗಿದ್ದೇ ನಿಮಗೂ ಆಗಿದೆ, ಉಲ್ಟಾ."

ಬಿಳಿಗೆರೆಯಲ್ಲಿ ಬಸ್ಸಿಳಿಯುವಾಗಲೇ ನನ್ನ ಬಲಮೊಣಕಾಲು ಚುಳ್ ಎಂದಿತು. ಕಾನ್ವೆಂಟ್ ಎಜುಕೇಶನ್ನು, ಇಂಗ್ಲಿಷ್ ಲೇಖನ, ಎಲ್ಲ ಬಸ್ಸಿನ ಮೆಟ್ಟಿಲ ಮೇಲೆ ನನ್ನೊಡನೆ ಕುಂಟುತ್ತಾ ನಿಂತವು. ನಾನು ಕಂಬಿ ಹಿಡಿದು ಇಳಿದೆ.

ಅಕ್ಕನ ಸಕ್ಕರೆ ಮಾತ್ರ ಇಳಿದಿತ್ತು. ಕಣ್ಣಿನ ಡಾಕ್ಟರು ದಿನ ಕೊಟ್ಟರು. ಅಟ್ಟ ಇಳಿಸಲು ಇನ್ನೂ ಒಂದೂವರೆ ತಿಂಗಳಿರುವಾಗ ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಅವಳು ನನ್ನನ್ನು ಬಹಳ ಹೊತ್ತು ನೋಡಿ, "ಏನೇ ನೀನು, ಇಷ್ಟೊಂದ್ ಮುದುಕಿ ಆಗೋಗಿದ್ದೀಯ!" ಎಂದಳು. ಸೊಸೆ ಬಾಗಿಲಿಗೆ ಒರಗಿ ನಕ್ಕಳು.

ಮೂರು ವಾರ ಕಳೆದು ಕಣ್ಣಿಗೆ ಹೊಸ ಕನ್ನಡಕ ಬಂತು. ಅದು ಬಂದ ಮಾರನೆಯ ಬೆಳಿಗ್ಗೆ ನಾನು ಹೂ ಬಿಡಿಸಿಕೊಂಡು ಬರುವಷ್ಟರಲ್ಲಿ ಅಕ್ಕ ಜಗಲಿಯ ಬಿಸಿಲಲ್ಲಿ ಡಬ್ಬಿ ತೆರೆದುಕೊಂಡು ಕೂತಿದ್ದಳು. ಕೈಯಲ್ಲಿ ಒಂದು ಸ್ಟ್ರಿಪ್ಪು.

"ಬಾರೇ ಇಲ್ಲಿ. ಇದ್ರಲ್ಲಿ ಎರಡ್ ಅಂಕಿ ಹೊಡ್ದವ್ರೆ. ಒಂದು ಈ ವರ್ಷದ್ದು. ಒಂದು ಬರೋ ವರ್ಷದ್ರಾಚೇದು. ಏನದು?"

ಅಕ್ಷರ ಬಾರದವಳಿಗೆ ಅಂಕಿ ಬರುತ್ತದೆಂಬುದನ್ನು ನಾನು ಮರೆತೇ ಬಿಟ್ಟಿದ್ದೆ. ಇನ್ನೊಂದು ಸುಳ್ಳು ಬಾಯಿಯವರೆಗೆ ಬಂತು. ಹೇಳಲಿಲ್ಲ.

"ಮೊದಲನೆಯದು ಮಾಡಿದ ತಿಂಗಳು. ಎರಡನೆಯದು ಕೆಡೋ ತಿಂಗಳು."

"ಅಂದ್ರೆ ಇದು ಅಟ್ಟದಲ್ಲಿ ವರ್ಷ ಕುಂತಿಲ್ಲ."

"ಇಲ್ಲ."

"ಮಸಿ?"

"ನಾನೇ ಬಳಿದೆ."

ಅವಳು ಸ್ಟ್ರಿಪ್ಪನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಕಣ್ ಕಾಣ್ದೋಳು ಅಂತ ಮಾಡ್ದೆ ಅಲ್ವಾ" ಎಂದಳು, ಅಷ್ಟೇ. ಎದ್ದು ಒಳಗೆ ಹೋದಳು.

ಎರಡು ದಿನ ಮಾತಿಲ್ಲ. ಮಾತ್ರೆಯನ್ನು ತಾನೇ ತೆಗೆದುಕೊಂಡು ನುಂಗಿದಳು, ನಾನು ದೂರದಿಂದ ನೋಡಿದೆ. ಎರಡು ದಿನವೂ ಊಟವಾದ ಮೇಲೆ ಗೋಡೆಗೆ ಕೈಯೂರಿ ನಿಂತಳು. ತಲೆಸುತ್ತು ವಾಪಸ್ ಬಂದಿತ್ತು. ಇನ್ನೊಂದು ಕಣ್ಣಿನ ಆಪರೇಷನ್ ಬಾಕಿಯಿತ್ತು, ಅಟ್ಟ ಇಳಿಸುವ ದಿನ ಹತ್ತಿರ ಬಂದಿತ್ತು. ಈಗ ಮಾತ್ರೆ ಬಿಟ್ಟರೆ ಎಲ್ಲ ಮೊದಲಿನಿಂದ ಎಂದು ನನಗೆ ಊಟ ಸೇರಲಿಲ್ಲ. ಹೋಗಿ ಕ್ಷಮಿಸು ಎನ್ನೋಣವೆಂದರೆ, ಕನ್ನಡದಲ್ಲಿ ಅದನ್ನು ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ. ಸಾರಿ ಎಂಬ ಸಣ್ಣ ಪದದಲ್ಲೇ ನಾನು ಜೀವನ ಕಳೆದುಬಿಟ್ಟಿದ್ದೆ.

ಮೂರನೆಯ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಅಕ್ಕ ಬಂದು ಹೊಸ್ತಿಲ ಮೇಲೆ ಕೂತಳು.

"ಎರಡು ಸಲ ಚಟ್ ಅಂತಿತ್ತು" ಎಂದಳು.

"ಏನು?"

"ದಿನಾ ಬೆಳಗ್ಗೆ ನೀನು ಮಾತ್ರೆ ತೆಗೀವಾಗ. ಒಂದ್ಸಲ ನನ್ ಮುಂದೆ. ಒಂದ್ಸಲ ಅಡುಗೆಮನೇಲಿ. ಕಣ್ ಕಾಣ್ದಿದ್ರೂ ನಂಗೆ ಕಿವಿ ಇತ್ತು ಕಣೇ. ನಿಂಗೆ ಸಕ್ರೆ ಇಲ್ವಲ್ಲ, ಯಾಕ್ ತಿಂದೆ?"

"ಆಯಸ್ಸಿಗೆ" ಎಂದೆ.

"ಬಂತಾ?"

"ಮೊಣಕಾಲು ವಾಸಿಯಾಗಿತ್ತು. ಡಾಕ್ಟರಮ್ಮ ಸಂಬಂಧ ಇಲ್ಲ ಅಂದ ದಿನವೇ ಮತ್ತೆ ಬಂತು."

ಅಕ್ಕ ನಗಲು ಶುರುಮಾಡಿದಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಿಗೆ ನೀರು ಬರುವಂತೆ ನಕ್ಕಳು. ಆಪರೇಷನ್ ಆದ ಕಣ್ಣು, ಉಜ್ಜಬೇಡ ಎಂದು ನಾನು ಕೂಗಿದೆ.

"ಅಷ್ಟೆಲ್ಲ ಓದಿ!" ಎಂದಳು. "ಅಷ್ಟೆಲ್ಲ ಇಂಗ್ಲಿಷ್ ಓದಿ ನೀನೂ ನನ್ನಂಗೇ ಅಲ್ವೇನೇ!"

ಅಂದು ಮಧ್ಯಾಹ್ನ ಊಟದಲ್ಲಿ ಮಾತ್ರೆ ನುಂಗಿದಳು. ನುಂಗಿ ಎದ್ದು, ಗೋಡೆಯಿಂದ ಒಂದು ಮಾರು ದೂರ ನಿಂತು, ಸ್ವಲ್ಪ ಹೊತ್ತು ಕಾದಳು. ನಾನು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಒಂಚೂರ್ ಸುತ್ತಿದಂಗಾತು" ಎಂದಳು. "ಹೋಯ್ತು." ಆದರೂ ಹೊಸ ಸ್ಟ್ರಿಪ್ಪು ತಂದರೆ ಎಂಟು ದಿನವಾದರೂ ಇರಬೇಕೆಂದು ಹಟ ಮಾಡಿದಳು. ಅಟ್ಟದ ಮೇಲೆ ಬೇಡ, ಬಿಸಿ ಎಂದೆ. ಕೊನೆಗೆ ನಡುಮನೆಯ ಗೂಡಿನಲ್ಲಿ, ತಂಪಾದ ಕಡೆ, ಎಂಟು ದಿನ ಎಂದು ರಾಜಿಯಾಯಿತು. ಈಗಲೂ ಹಾಗೆಯೇ ನಡೆಯುತ್ತಿದೆ. ಡಾಕ್ಟರಮ್ಮನಿಗೆ ಹೇಳಿದೆ, ಎಂಟು ದಿನಕ್ಕೆ ಏನೂ ಆಗಲ್ಲ, ಇಟ್ಟುಕೊಳ್ಳಲಿ ಬಿಡಿ ಎಂದಳು.

ಅಟ್ಟ ಇಳಿಸಿದ ದಿನ ಅಕ್ಕ ಕನ್ನಡಕ ಹಾಕಿಕೊಂಡು ಗುಡ್ಡೆಯ ಮುಂದೆ ಕೂತಳು. ಯಾರೂ ಕೂರು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮಗ ಒಳ್ಳೆಯದೆಂದು ಆಚೆಗಿಟ್ಟ ಉಂಡೆಗಳಲ್ಲಿ ನಾಲ್ಕನ್ನು ಎತ್ತಿ ಅವನ ಕಾಲ ಬಳಿ ಉರುಳಿಸಿದಳು. "ಏನ್ಲಾ ಇದು, ಬಿರುಕು ಕಾಣಲ್ವಾ? ಒಳಗ್ ಹೋಗಿ ಕುಂತ್ಕೊ, ಧೂಳು ಜಾಸ್ತಿ ಐತೆ." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ನಕ್ಕ.

ಅದಾದ ತಿಂಗಳು ಮೆಡಿಕಲ್ ಶಾಪಿನವನು ಮತ್ತೆ ಪೂರ್ತಿ ಡಬ್ಬವನ್ನೇ ಕೊಟ್ಟ. ಮನೆಗೆ ತಂದು ಕೊಟ್ಟರೆ ಅಕ್ಕ ತಾನೇ ಬಿಚ್ಚಿದಳು. ಮಡಿಸಿಟ್ಟ ಚೀಟಿ ಹೊರಬಂತು. ಅದನ್ನು ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ತಲೆಯಿಂದ ಬುಡದವರೆಗೆ ನೋಡಿದಳು. ಮೊದಲ ಸಲ ನಾನು ಓದಿದಾಗ ಅವಳಿಗೆ ಅದು ಬಿಳಿಯ ಕಾಗದವಾಗಿ ಮಾತ್ರ ಕಂಡಿರಬೇಕು.

"ಅಬ್ಬಬ್ಬಾ. ಇಷ್ಟೊಂದ್ ಬರ್ದವ್ರಾ?"

"ಹೂಂ."

"ಇದೆಲ್ಲಾ ಆಗುತ್ತಾ?"

"ಯಾರಿಗಾದರೂ ಆಗಿದ್ದನ್ನೆಲ್ಲ ಬರೆಯಬೇಕು ಅಂತ ರೂಲ್ಸ್ ಅಕ್ಕ. ಎಲ್ಲರಿಗೂ ಎಲ್ಲಾ ಆಗುವುದಿಲ್ಲ. ಬಹಳ ಜನಕ್ಕೆ ಸ್ವಲ್ಪ ದಿನ ಹೊಟ್ಟೆ ಕೆಡುತ್ತೆ, ಆಮೇಲೆ ಸರಿಹೋಗುತ್ತೆ."

ಅವಳು ಚೀಟಿಯ ಮೇಲಿಂದ ನನ್ನನ್ನು ನೋಡಿದಳು.

"ಅವತ್ತು ಇದ್ನ ಮೊದ್ಲು ಹೇಳಿ, ಅದ್ನ ಆಮ್ಯಾಲೆ ಓದ್ಬಾರ್ದಾಗಿತ್ತಾ?"

"ಹೌದು" ಎಂದೆ.

ಅವಳು ಚೀಟಿಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ಕೊಟ್ಟಳು. ಸ್ಟ್ರಿಪ್ಪುಗಳನ್ನು ಎಣಿಸಿ ಗೂಡಿನಲ್ಲಿಟ್ಟು, ಎದುರಿನ ಕ್ಯಾಲೆಂಡರಿನಲ್ಲಿ ಎಂಟನೆಯ ದಿನಕ್ಕೆ ಉಗುರಿನಿಂದ ಗೀರಿದಳು.